ಐದು ಲೀಟರ್ ಕ್ಯಾನಿಗೆ ಮೂರು ಮೋಲ್ಡ್: ಯಾವ ಲೋಹ ಎಲ್ಲಿ ಗೆದ್ದಿತು?

ಹಿಡಿಕೆ ಇರುವ ಐದು ಲೀಟರಿನ ಎಣ್ಣೆ ಕ್ಯಾನ್ ನಿಮ್ಮ ಅಡುಗೆಮನೆಯಲ್ಲೂ ಇರಬಹುದು. ಅಂಥ ಕ್ಯಾನ್ ಊದುವ ಮೋಲ್ಡುಗಳನ್ನು, ಅಂದರೆ ಅಚ್ಚುಗಳನ್ನು, ಡಿಸೈನ್ ಮಾಡುವುದು ನನ್ನ ಕೆಲಸ. ಜಾಗ ಬೆಂಗಳೂರಿನ ಪೀಣ್ಯದ ಒಂದು ಟೂಲ್ ರೂಮ್, ಅಂದರೆ ಮೋಲ್ಡ್ ತಯಾರಿಸುವ ವರ್ಕ್‌ಶಾಪ್. ಒಂದೇ ಕ್ಯಾನಿಗೆ ಮೂರು ಬಗೆಯ ಮೋಲ್ಡ್ ಮಾಡಿಸಿ, ಮೂರನ್ನೂ ಮೆಷಿನ್ ಪಕ್ಕ ನಿಂತು ಓಡಿಸಿ ನೋಡಿದ್ದೇನೆ. ಮೊದಲನೆಯದು ಪೂರ್ತಿ 7075 ಎಂಬ ದರ್ಜೆಯ ಅಲ್ಯೂಮಿನಿಯಂ. ಎರಡನೆಯದು ಪೂರ್ತಿ ಪಿ20 ಎಂಬ ದರ್ಜೆಯ ಸ್ಟೀಲ್. ಮೂರನೆಯದರ ಮೈ ಅಲ್ಯೂಮಿನಿಯಂ, ಪಿಂಚ್ (ಪ್ಲಾಸ್ಟಿಕ್ಕನ್ನು ಹಿಸುಕುವ ಅಂಚು) ಮಾತ್ರ ಬೆರಿಲಿಯಂ ಬೆರೆಸಿದ ತಾಮ್ರ, ಅಂದರೆ ಬೆರಿಲಿಯಂ ಕಾಪರ್. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು "ಸ್ಟೀಲ್ ಹಾಕಿದ್ರೆ ಬಾಳಿಕೆ ಜಾಸ್ತಿ ಅಲ್ವಾ ಸರ್?" ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಬ್ಲೋ ಮೋಲ್ಡಿಂಗಿನಲ್ಲಿ ಬಿಸಿ ಎಚ್‌ಡಿಪಿಇ (ಕ್ಯಾನಿನ ಪ್ಲಾಸ್ಟಿಕ್) ಒಂದು ಮೆತ್ತನೆಯ ಕೊಳವೆಯಾಗಿ ಕೆಳಗಿಳಿಯುತ್ತದೆ. ಅದೇ ಪ್ಯಾರಿಸನ್. ಮೋಲ್ಡಿನ ಎರಡು ಅರ್ಧಗಳು ಮುಚ್ಚಿಕೊಂಡು ಅದರ ತಳವನ್ನು ಹಿಸುಕಿ ಬೆಸೆಯುತ್ತವೆ. ಆಮೇಲೆ ಒಳಗೆ ಗಾಳಿ ಊದುತ್ತೇವೆ. ಈ ಗಾಳಿಯ ಒತ್ತಡ ಸುಮಾರು 6ರಿಂದ 8 ಬಾರ್ ಅಷ್ಟೇ. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಿ ತುಂಬುವ ಇಂಜೆಕ್ಷನ್ ಮೋಲ್ಡು ತಾಳಬೇಕಾದದ್ದು ನೂರಾರು ಬಾರ್. ಹಾಗಾಗಿ ಒತ್ತಡ ತಾಳಲಿ ಎಂದು ಇಲ್ಲಿ ಸ್ಟೀಲ್ ಹಾಕಬೇಕಿಲ್ಲ. ಬ್ಲೋ ಮೋಲ್ಡಿನ ದೊಡ್ಡ ಕೆಲಸ ಶಾಖ ಎಳೆದುಕೊಳ್ಳುವುದು. ಪ್ಲಾಸ್ಟಿಕ್ಕಿಗೆ ಲೋಹ ತಾಗುವುದು ಹೊರಮೈಯಲ್ಲಿ ಮಾತ್ರ. ಒಳಗೆ ಬರೀ ಗಾಳಿ.

ಈ ವಿಷಯದಲ್ಲಿ ಅಲ್ಯೂಮಿನಿಯಂ ಮುಂದೆ ಸ್ಟೀಲ್ ನಿಲ್ಲುವುದಿಲ್ಲ. 7075 ಶಾಖ ಸಾಗಿಸುವ ವೇಗ ಪಿ20ಗಿಂತ ಸುಮಾರು ನಾಲ್ಕು ಪಟ್ಟು. ಹಾಗಂತ ಸೈಕಲ್ ಟೈಮ್ (ಒಂದು ಕ್ಯಾನಿಗೆ ಹಿಡಿಯುವ ಸಮಯ) ಕಾಲು ಭಾಗಕ್ಕೆ ಇಳಿಯುವುದಿಲ್ಲ. ಪ್ಲಾಸ್ಟಿಕ್ಕೇ ಶಾಖವನ್ನು ನಿಧಾನವಾಗಿ ಬಿಡುತ್ತದೆ. ಅದೇ ಮೆಷಿನ್, ಮೋಲ್ಡಿನೊಳಗೆ ಹರಿಯುವ ಅದೇ ಚಿಲ್ಲರ್ ತಣ್ಣೀರು, ಅದೇ ತೂಕದ ಕ್ಯಾನ್ ಇಟ್ಟುಕೊಂಡು ನೋಡಿದೆ. ಸ್ಟೀಲಿನಲ್ಲಿ 28 ಸೆಕೆಂಡಿಗೆ ಒಂದು ಕ್ಯಾನ್ ಬಂತು, ಅಲ್ಯೂಮಿನಿಯಂನಲ್ಲಿ 22ಕ್ಕೆ. ಆರೇ ಸೆಕೆಂಡು ಅನಿಸಬಹುದು. ಗಂಟೆಯ ಲೆಕ್ಕ ಹಾಕಿದರೆ 128 ಕ್ಯಾನ್ ಬರುವ ಕಡೆ 163 ಬರುತ್ತದೆ. ಅಲ್ಯೂಮಿನಿಯಂ ಮೋಲ್ಡಿನ ಒಂದು ಅರ್ಧವನ್ನು ಇಬ್ಬರು ಎತ್ತಿ ಕೂರಿಸಬಹುದು. ಸ್ಟೀಲಿನದಕ್ಕೆ ಚೈನ್ ಬ್ಲಾಕ್ ಬೇಕೇ ಬೇಕು.

ಆದರೆ ಅಲ್ಯೂಮಿನಿಯಂ ಸೋತದ್ದು ಪಿಂಚಿನಲ್ಲಿ. ಪ್ಯಾರಿಸನ್ನನ್ನು ಹಿಸುಕುವ ಆ ಅಂಚು ನಮ್ಮ ಮೋಲ್ಡಿನಲ್ಲಿ ಅರ್ಧ ಮಿಲಿಮೀಟರ್ ಅಗಲ. ಅದರ ಹಿಂದೆ, ಹೆಚ್ಚಾದ ಪ್ಲಾಸ್ಟಿಕ್, ಅಂದರೆ ಫ್ಲಾಶ್, ಹೋಗಿ ಕೂರಲು ಫ್ಲಾಶ್ ಪಾಕೆಟ್. ಅಂಚು ತೀರಾ ಚೂಪಾದರೆ ಬೆಸುಗೆ ತೆಳ್ಳಗಾಗುತ್ತದೆ. ಅಗಲವಾದರೆ ಫ್ಲಾಶ್ ಕಡಿಯುವುದೇ ಇಲ್ಲ. ಕ್ಯಾನ್ ಸೋರುತ್ತದೋ ಇಲ್ಲವೋ ಎಂಬುದು ಈ ಅರ್ಧ ಮಿಲಿಮೀಟರಿನ ಮೇಲೆ ನಿಂತಿದೆ. ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಹೆಲ್ಪರ್, ಸಿಕ್ಕಿಕೊಂಡ ಫ್ಲಾಶನ್ನು ಸ್ಕ್ರೂಡ್ರೈವರಿನಿಂದ ಕಿತ್ತ. ಅಂಚಿನಲ್ಲಿ ಕಾಳಿನಷ್ಟು ಏಟು ಬಿತ್ತು. ಮಾರನೇ ದಿನ ಎತ್ತರದಿಂದ ಬೀಳಿಸಿ ನೋಡುವ ಡ್ರಾಪ್ ಟೆಸ್ಟಿನಲ್ಲಿ ಕ್ಯಾನುಗಳು ತಳದ ಬೆಸುಗೆಯಲ್ಲೇ ಬಿಟ್ಟುಕೊಂಡವು. ಆ ಹುಡುಗನನ್ನು ನಾನು ದೂರುವುದಿಲ್ಲ. ಅವನ ಕೈಗೆ ಬೇರೆ ಏನನ್ನೂ ಯಾರೂ ಕೊಟ್ಟಿರಲಿಲ್ಲ. ಈಗ ಪ್ರತಿ ಮೋಲ್ಡಿನ ಜೊತೆ ಒಂದು ನೈಲಾನ್ ಕಡ್ಡಿ ಕಳಿಸುತ್ತೇನೆ.

7075ಗೆ ವೆಲ್ಡಿಂಗ್ ಸರಿಯಾಗಿ ಹಿಡಿಯುವುದಿಲ್ಲ. ಹಾಳಾದ ಜಾಗವನ್ನು ಕೊರೆದು ಬೇರೆ ಲೋಹದ ತುಂಡು ಕೂರಿಸಬೇಕಾಯಿತು. ಮೂರನೇ ಮೋಲ್ಡಿನ ಯೋಚನೆ ಹುಟ್ಟಿದ್ದು ಆ ರಿಪೇರಿಯಿಂದಲೇ. ಆದರೆ ಅದಕ್ಕಿಂತ ಮೊದಲು ಮಂಗಳೂರು ಕಡೆಯ ಇನ್ನೊಬ್ಬ ಗ್ರಾಹಕರು ಪೂರ್ತಿ ಸ್ಟೀಲೇ ಬೇಕು ಎಂದರು.

ಸ್ಟೀಲಿನ ಪಿಂಚ್ ನಿಜಕ್ಕೂ ಗಟ್ಟಿ. ಎಷ್ಟು ಓಡಿಸಿದರೂ ಅಂಚು ಮಡಚಲಿಲ್ಲ. ತೊಂದರೆ ಕೊಟ್ಟದ್ದು ತಳ. ಪಿಂಚಿನ ಹತ್ತಿರ ಪ್ಲಾಸ್ಟಿಕ್ ದಪ್ಪ, ಅಲ್ಲಿ ಬಿಸಿ ಆರುವುದು ಕೊನೆಗೆ. ಬೇಗ ಹೊರತೆಗೆದರೆ ತಳ ಉಬ್ಬಿ ಕ್ಯಾನ್ ಮೇಜಿನ ಮೇಲೆ ಕುಣಿಯುತ್ತಿತ್ತು. 28 ಸೆಕೆಂಡು ಬೇಕಾದದ್ದು ಅದಕ್ಕೇ. ಜೊತೆಗೆ ಕರಾವಳಿಯ ಮಳೆಗಾಲ. ತಣ್ಣೀರು ಹರಿಯುವ ಮೋಲ್ಡು ಮೈತುಂಬ ಬೆವರುತ್ತದೆ. ವಾರ ನಿಲ್ಲಿಸಿದರೆ ತುಕ್ಕು. ನೀರಿನ ದಾರಿಯಲ್ಲೂ ತುಕ್ಕು ಕಟ್ಟಿ, ಮೊದಲೇ ನಿಧಾನವಿದ್ದ ಕೂಲಿಂಗ್ ಇನ್ನೂ ನಿಧಾನವಾಯಿತು.

ಮೂರನೆಯದು ನನಗೆ ಇಷ್ಟವಾದದ್ದು. ಬೆರಿಲಿಯಂ ಕಾಪರ್ ಪಿ20ಗಿಂತ ಗಡಸು, ಶಾಖ ಸಾಗಿಸುವುದರಲ್ಲಿ ಹೆಚ್ಚುಕಡಿಮೆ 7075ರಷ್ಟೇ ಚುರುಕು. ತಳಕ್ಕೆ, ಹಿಡಿಕೆಗೆ, ಕುತ್ತಿಗೆಗೆ ಇದರ ಇನ್ಸರ್ಟ್ (ಮೋಲ್ಡಿನೊಳಗೆ ಕೂರಿಸುವ ತುಂಡು) ಹಾಕಿದೆ. ತಳದ ಇನ್ಸರ್ಟಿಗೆ ಪ್ರತ್ಯೇಕ ನೀರಿನ ದಾರಿ ಕೊಟ್ಟೆ. ಸೈಕಲ್ 21 ಸೆಕೆಂಡಿಗೆ ಬಂತು. ಕಷ್ಟಗಳೂ ಇವೆ. ಲೋಹದ ಬೆಲೆ ಅಲ್ಯೂಮಿನಿಯಂಗಿಂತ ಎಷ್ಟೋ ಪಟ್ಟು ಜಾಸ್ತಿ. ಎರಡು ಲೋಹ ಸೇರುವ ಗೆರೆ ಕ್ಯಾನಿನ ಮೇಲೆ ಮೂಡುತ್ತದೆ. ಮೊದಲ ಟ್ರಯಲ್‌ನಲ್ಲಿ ಆ ಗೆರೆ ಲೇಬಲ್ ಅಂಟಿಸುವ ಜಾಗಕ್ಕೇ ಬಂದಿತ್ತು. ಆಮೇಲೆ ಅದನ್ನು ತಳದ ತಿರುವಿಗೆ ಇಳಿಸಿದೆ, ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು ಮಾತು ಟೂಲ್ ರೂಮಿನವರಿಗೆ. ಬೆರಿಲಿಯಂ ಧೂಳು ಶ್ವಾಸಕೋಶಕ್ಕೆ ವಿಷ. ಇದನ್ನು ಒಣಗಿದ್ದಂತೆಯೇ ಗ್ರೈಂಡ್ ಮಾಡಲು ನಾನು ಬಿಡುವುದಿಲ್ಲ. ಕೂಲಂಟ್ ಹರಿಯುತ್ತಿರಬೇಕು, ಧೂಳು ಎಳೆಯುವ ವ್ಯವಸ್ಥೆ ಇರಬೇಕು. ಇಲ್ಲದಿದ್ದರೆ ಕೆಲಸವೇ ಬೇಡ.

ಕೆಲವು ವಿಷಯದಲ್ಲಿ ಮೂರೂ ಒಂದೇ. ಎಚ್‌ಡಿಪಿಇ ಆರುವಾಗ ಸುಮಾರು ಶೇ 2ರಷ್ಟು ಕುಗ್ಗುತ್ತದೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ಕ್ಯಾನು ಹಿಡಿಸುವ ಎಣ್ಣೆ ಸುಮಾರು ಶೇ 6 ಕಡಿಮೆಯಾಗುತ್ತದೆ. ಕೇವಿಟಿಯನ್ನು (ಮೋಲ್ಡಿನೊಳಗಿನ ಕ್ಯಾನ್ ಆಕಾರದ ಟೊಳ್ಳನ್ನು) ಅಷ್ಟು ದೊಡ್ಡದು ಮಾಡದಿದ್ದರೆ 300 ಮಿಲಿಲೀಟರ್ ಹೋಯಿತು. ಕೇವಿಟಿಯನ್ನು ಕನ್ನಡಿಯಂತೆ ಪಾಲಿಶ್ ಮಾಡಬಾರದು, ಮರಳು ಹೊಡೆಸಿ ತರಿತರಿ ಮಾಡಬೇಕು (ಸ್ಯಾಂಡ್ ಬ್ಲಾಸ್ಟ್). ನುಣುಪಾದರೆ ಗಾಳಿ ಸಿಕ್ಕಿಕೊಂಡು ಕ್ಯಾನಿನ ಮೈ ಗುಳಿಗುಳಿಯಾಗುತ್ತದೆ.

ಕೆಲವೇ ಸಾವಿರ ಕ್ಯಾನ್ ಸಾಕು ಎನ್ನುವವರಿಗೆ ಪೂರ್ತಿ ಅಲ್ಯೂಮಿನಿಯಂ ಕೊಡುತ್ತೇನೆ. 7075 ಬದಲು 6061 ಹಾಕಿದರೆ ವೆಲ್ಡಿಂಗೂ ಆಗುತ್ತದೆ. ವರ್ಷಗಟ್ಟಲೆ ಎರಡು ಪಾಳಿ ಓಡಿಸುವವರಿಗೆ ಮೂರನೆಯದು. ಪೂರ್ತಿ ಸ್ಟೀಲಿನದನ್ನು ಎಚ್‌ಡಿಪಿಇ ಕ್ಯಾನಿಗೆ ನಾನಾಗಿ ಸೂಚಿಸುವುದಿಲ್ಲ. ಕ್ಯಾನಿನ ಬಾಯಿ ಕತ್ತರಿಸುವ, ಬ್ಲೋ ಪಿನ್ನಿನ (ಗಾಳಿ ಊದುವ ಕೊಳವೆಯ) ರಿಂಗಿಗೆ ಮಾತ್ರ ಗಡಸು ಸ್ಟೀಲೇ ಬೇಕು, ಅಲ್ಲಿ ಬೇರೆ ಲೋಹ ನಿಲ್ಲದು.

ಈಗ ಪರದೆಯ ಮೇಲೆ ಹತ್ತು ಲೀಟರಿನ ಕ್ಯಾನ್ ಇದೆ. ಹಿಡಿಕೆಯ ಇನ್ಸರ್ಟಿಗೂ ಅದರದೇ ನೀರು ಕೊಡಬೇಕು ಎಂದು ಜಾಗ ಹುಡುಕುತ್ತಿದ್ದೇನೆ. 8 ಮಿಲಿಮೀಟರ್ ತೂತು ಹಿಡಿಸುತ್ತಿಲ್ಲ. ನಾಳೆ 6ಕ್ಕೆ ಇಳಿಸಿ ನೋಡುತ್ತೇನೆ.