ಹಳೆ ಬೋಟ್ ತೆಗೆದುಕೊಳ್ಳುವವರು ಮುಂಗಡ ಕೊಡುವ ಮೊದಲು ಇದನ್ನು ಓದಿ

ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ, ಇನ್ನೊಬ್ಬರು ಬೀಳುವುದು ಬೇಡ.

ಹೊನ್ನಾವರದಲ್ಲಿ ಶರಾವತಿ ಹೊಳೆಯ ಮೇಲೆ ಪ್ರವಾಸಿಗರನ್ನು ಸುತ್ತಾಡಿಸಲು ಒಂದು ಹಳೆ ಫೈಬರ್ ಬೋಟ್ ನೋಡಿದೆ. ಬ್ರೋಕರ್ ವಾಟ್ಸಾಪಲ್ಲಿ ಸರ್ವೆ ಸರ್ಟಿಫಿಕೇಟಿನ (ಬೋಟ್ ತಪಾಸಣೆ ಮಾಡಿ ಕೊಡುವ ಪತ್ರ) ಫೋಟೋ ಕಳಿಸಿದ, ಸೀಲು ಸಹಿ ಎಲ್ಲ ಇತ್ತು, ನಾನು ಸೀಲು ನೋಡಿದೆನೇ ಹೊರತು ಒಳಗೆ ಬರೆದದ್ದನ್ನು ಓದಲಿಲ್ಲ. ಎರಡು ಲಕ್ಷ ಮುಂಗಡ ಕೊಟ್ಟೆ. ಪೂಜೆ ಮಾಡಿಸಿ ಊರಿಗೆಲ್ಲ ಪಂಚಕಜ್ಜಾಯ ಹಂಚಿದೆ, ಅದೇ ಈಗ ಜಾಸ್ತಿ ಚುಚ್ಚುವುದು.

ಹೊಸ ಸರ್ವೆಗೆ ಬಂದ ಸರ್ವೆಯರ್ ಬಟ್ಟೆಯಲ್ಲಿ ಎಂಜಿನ್ ಮೇಲಿನ ಗ್ರೀಸ್ ಒರೆಸಿ ನಂಬರ್ ಓದಿದರು. ಪೇಪರ್ ನೋಡಿದರು. ಮತ್ತೆ ಓದಿದರು. ನಂಬರ್ ಬೇರೆ! ಪೇಪರಲ್ಲಿ 12 ಜನ, ಬೋಟಲ್ಲಿ 20 ಸೀಟು. "ಈ ಮೇಲಿನ ಡೆಕ್ ಯಾವಾಗ ಕಟ್ಟಿದ್ದು?" ಅಂತ ಕೇಳಿದರು. ನನಗೇನು ಗೊತ್ತು? ಲೈಫ್ ಜಾಕೆಟ್ ಅದುಮಿದರೆ ಒಳಗಿನ ಥರ್ಮಾಕೋಲ್ ಪುಡಿಪುಡಿ. ಜೊತೆಗೆ ಬಂದಿದ್ದ ಭಾವ ಸುಮ್ನೆ ಹೊಳೆ ನೋಡುತ್ತಾ ನಿಂತಿದ್ದರು.

ಬ್ರೋಕರಿಗೆ ಫೋನ್ ಮಾಡಿದೆ. "ಎಂಜಿನ್ ಬದಲಾಗಿದೆ ಅಷ್ಟೇ ಮಾರಾಯ್ರೆ, ಬೋಟ್ ತೇಲ್ತದಲ್ವಾ?" ಅಂದ. ಜಾಕೆಟ್ ಕೇಳಿದರೆ, "ಸರ್ವೆ ದಿನ ಬಾಡಿಗೆಗೆ ತನ್ನಿ, ಎಲ್ರೂ ಹಾಗೇ ಮಾಡೋದು." ಮುಂಗಡ ವಾಪಸ್ ಕೇಳಿದರೆ, "ಪೇಪರ್ ಓದಿ ನೋಡೋದು ನಿಮ್ಮ ಕೆಲಸ." ಅದೊಂದು ಮಾತು ನಿಜ, ಅದಕ್ಕೇ ಇನ್ನೂ ಉರಿಯುತ್ತದೆ.

ಬೋಟ್ ತೇಲ್ತದಂತೆ! 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುತ್ತಿದ್ದ ಬೋಟೂ ಮಗುಚುವ ತನಕ ತೇಲುತ್ತಿತ್ತು, 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿ 22 ಜನರನ್ನು ಬಲಿ ತೆಗೆದುಕೊಂಡದ್ದು, ಮೀನು ಹಿಡಿಯುವ ಬೋಟಿಗೇ ಡೆಕ್ ಕಟ್ಟಿ ಪ್ರವಾಸಿಗರನ್ನು ಹತ್ತಿಸಿದ್ದು. ಮೇಲೆ ಭಾರ ಜಾಸ್ತಿಯಾದರೆ, ಜನ ಒಂದೇ ಬದಿಗೆ ಬಂದರೆ ಸಾಕು.

2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ನೋಂದಣಿ, ಸರ್ವೆ, ವಿಮೆ ಮೂರೂ ಬೇಕು. ಮುಂಗಡ ಕೊಡುವ ಮೊದಲು ಅಸಲಿ ಪೇಪರ್ ಹಿಡಿದು ಬೋಟಿನ ಹತ್ತಿರ ಹೋಗಿ, ಎಂಜಿನ್ ನಂಬರ್ ನೀವೇ ಓದಿ, ಸೀಟು ಎಣಿಸಿ. ಫೋಟೋ ನಂಬಬೇಡಿ, ಅವನ "ಮಾರಾಯ್ರೆ" ಅಂತೂ ನಂಬಲೇಬೇಡಿ.

ನಿನ್ನೆ ಅವನ ಸ್ಟೇಟಸಲ್ಲಿ ಇನ್ನೊಂದು ಬೋಟ್ ಇತ್ತು. "ಪೇಪರ್ ಎಲ್ಲ ಕ್ಲಿಯರ್" ಅಂತೆ. ಕೆಳಗೆ ಹಾಕಿದ್ದ ಸರ್ಟಿಫಿಕೇಟ್ ದೊಡ್ಡದು ಮಾಡಿ ನೋಡಿದೆ, ನನಗೆ ಕಳಿಸಿದ್ದೇ ಅದು.