ದ್ವೀಪದ ದಾರಿಯೋ, ನಾಲೆಯ ಏರಿಯೋ: ಕಾವೇರಿ ಬಯಲಿನ ಮೂರು ಸೈಕಲ್ ದಾರಿಗಳ ಹೋಲಿಕೆ

ಕನ್ನಂಬಾಡಿ ಕಟ್ಟೆಯಿಂದ (ಕೃಷ್ಣರಾಜಸಾಗರದಿಂದ) ಕೆಳಗೆ ಕಾವೇರಿಯ ಬಯಲು ಹೆಚ್ಚಿನ ಏರುತಗ್ಗುಗಳಿಲ್ಲದೆ ಹರಡಿಕೊಂಡಿರುವುದರಿಂದ, ಗೇರಿಲ್ಲದ ಸಾಮಾನ್ಯ ಸೈಕಲ್ಲಿನಲ್ಲಿಯೂ ಇಲ್ಲಿ ಗಂಟೆಗಟ್ಟಲೆ ಆಯಾಸವಿಲ್ಲದೆ ಸುತ್ತಬಹುದು. ತೊಂದರೆ ಇರುವುದು ವಾಹನಗಳಿಂದ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಅವೆಲ್ಲವೂ ಸರ್ವಿಸ್ ರಸ್ತೆಗೆ ಇಳಿದಿರುವುದರಿಂದ, ಸೈಕಲ್ಲಿನವರಿಗೆ ಹಿಂದೆ ಹೆದ್ದಾರಿಯ ಅಂಚಿನಲ್ಲಿದ್ದ ಅಲ್ಪಸ್ವಲ್ಪ ನೆಮ್ಮದಿಯೂ ಈಗ ಉಳಿದಿಲ್ಲ. ಹಾಗಾಗಿ ಹೆದ್ದಾರಿಯನ್ನು ಬಿಟ್ಟು, ನೀರಿನ ಜಾಡು ಹಿಡಿದು ಸಾಗುವ ಮೂರು ದಾರಿಗಳನ್ನು ಬೇರೆ ಬೇರೆ ಋತುಗಳಲ್ಲಿ ತುಳಿದು ನೋಡಿದ್ದೇನೆ: ಶ್ರೀರಂಗಪಟ್ಟಣದ ದ್ವೀಪದ ಪೂರ್ವಾರ್ಧ, ಮಂಡ್ಯ ಕಡೆಯ ವಿಶ್ವೇಶ್ವರಯ್ಯ ನಾಲೆಯ ಏರಿ, ಮೈಸೂರಿನ ಪೂರ್ವಕ್ಕೆ ಹಾದುಹೋಗುವ ವರುಣಾ ನಾಲೆಯ ಪಕ್ಕದ ದಾರಿ. ಹಿಂದಿನಿಂದ ಹಾರನ್ ಕೇಳದೆ ಎಷ್ಟು ಹೊತ್ತು ತುಳಿಯಬಹುದು, ಹತ್ತು–ಹನ್ನೆರಡರ ಮಕ್ಕಳನ್ನೂ ಅರವತ್ತು ದಾಟಿದವರನ್ನೂ ಕರೆದುಕೊಂಡು ಹೋಗಬಹುದೇ ಎಂಬ ಎರಡು ಪ್ರಶ್ನೆಗಳನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ.

ದ್ವೀಪದಿಂದ ಆರಂಭಿಸುತ್ತೇನೆ. ಪಶ್ಚಿಮದಲ್ಲಿ ಎರಡಾಗಿ ಕವಲೊಡೆದ ಹೊಳೆ ಸುಮಾರು ಐದು ಕಿಲೋಮೀಟರಿನಷ್ಟು ನೆಲವನ್ನು ಬಳಸಿ ಪೂರ್ವದ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಕೋಟೆ, ರೈಲು ನಿಲ್ದಾಣ, ಪೇಟೆ ಎಲ್ಲವೂ ಪಶ್ಚಿಮದ ಭಾಗದಲ್ಲಿವೆ. ಸವಾರಿಗೆ ಒದಗುವುದು ಪೂರ್ವದ ಭಾಗ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಮುಂದಿನಿಂದ ಹೊರಟು, ಗಂಜಾಂ ದಾಟಿ, ಟಿಪ್ಪುವಿನ ಸಮಾಧಿಯಿರುವ ಗುಂಬಜನ್ನು ಹಾದು ಸಂಗಮಕ್ಕೆ ಹೋಗುವ ದಾರಿಯ ಎರಡೂ ಕಡೆ ತೆಂಗಿನ ತೋಟಗಳೂ ಕಬ್ಬಿನ ಗದ್ದೆಗಳೂ ಇವೆ. ದಾರಿಯ ಬಹುಭಾಗ ಹೊಳೆಯ ಅಂಚಿನಿಂದ ದೂರವಿರುವುದರಿಂದ ಮಕ್ಕಳು ಆಯ ತಪ್ಪಿದರೂ ನೀರಿಗೆ ಬೀಳುವ ಭಯವಿಲ್ಲ. ಮೂರು ದಾರಿಗಳಲ್ಲಿ ಮಕ್ಕಳೊಂದಿಗೆ ನಾನು ನಿರಾತಂಕವಾಗಿ ಹೋಗುವುದು ಇದೊಂದಕ್ಕೇ.

ಆದರೆ ಈ ದಾರಿಗೆ ಗಡಿಯಾರದ ಕಟ್ಟುಪಾಡಿದೆ. ಬೆಳಗು ಹರಿದಾಗಿನಿಂದ ಎಂಟೂವರೆಯವರೆಗೆ ಇದು ಹಳ್ಳಿಯ ದಾರಿ. ಆಮೇಲೆ ಪ್ರವಾಸಿ ಬಸ್ಸುಗಳ ದಾರಿ. ಭಾನುವಾರ ಮತ್ತು ಅಮಾವಾಸ್ಯೆಯಂದು ನಿಮಿಷಾಂಬ ದೇವಸ್ಥಾನಕ್ಕೆ ಬರುವವರ ಕಾರುಗಳು ಗಂಜಾಂನ ಕಿರಿದಾದ ತಿರುವುಗಳಲ್ಲಿ ಸಾಲುಗಟ್ಟುತ್ತವೆ. ಸಂಗಮದಲ್ಲಿ ಅಸ್ಥಿ ವಿಸರ್ಜನೆಗೆ ಬಂದ ಕುಟುಂಬಗಳಿರುತ್ತವೆ. ಅಲ್ಲಿ ಗಂಟೆ ಬಾರಿಸುತ್ತಾ ಮೆಟ್ಟಿಲವರೆಗೂ ಸೈಕಲ್ ಓಡಿಸುವುದು ಸರಿಯಲ್ಲ, ಸ್ವಲ್ಪ ದೂರದಲ್ಲೇ ಇಳಿದು ನಡೆಯಬೇಕು. ಇನ್ನೊಂದು ಕೊರತೆಯೆಂದರೆ ದಾರಿ ಬೇಗ ಮುಗಿದುಬಿಡುತ್ತದೆ. ನಿಂತು ನಿಂತು ಹೋದರೂ ಒಂದು ಗಂಟೆ ಸಾಕು. ಹೆಚ್ಚು ಬೇಕೆನ್ನುವವರು ಹೆದ್ದಾರಿಯನ್ನು ಎಚ್ಚರದಿಂದ ದಾಟಿ ರಂಗನತಿಟ್ಟಿನ ಕಡೆಗೆ ಮುಂದುವರಿಯಬಹುದು. 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಆ ನಡುಗಡ್ಡೆಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಆ ದಾರಿ ಬಹಳ ಚೆನ್ನ. ರಜೆಯ ದಿನಗಳಲ್ಲಿ ಮಾತ್ರ ಬೇಡ.

ಇನ್ನು ವಿ.ಸಿ. ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ. ಹಿಂದೆ ಇರ್ವಿನ್ ನಾಲೆಯೆಂದು ಕರೆಯುತ್ತಿದ್ದ ಇದು ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟು, ಪಾಂಡವಪುರದ ಕಡೆಯಿಂದ ಸುತ್ತಿಕೊಂಡು, ಹುಲಿಕೆರೆಯ ಬಳಿ ಸುರಂಗದೊಳಗೆ ಹೊಕ್ಕು, ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ಗದ್ದೆಗಳಿಗೆ ನೀರು ಹಂಚುತ್ತದೆ. ಸೈಕಲ್ಲಿನವರು ಈ ನಾಲೆಯನ್ನು ಮೆಚ್ಚುವುದಕ್ಕೆ ಕಾರಣ ಅದರ ರಚನೆಯಲ್ಲೇ ಇದೆ. ನೀರು ತಾನಾಗಿ ಹರಿಯುವಷ್ಟು ಮಾತ್ರ ಇಳಿಜಾರು ಕೊಟ್ಟು, ನೆಲದ ಒಂದೇ ಎತ್ತರವನ್ನು ಹಿಡಿದು ತೋಡಿಕೊಂಡು ಹೋಗಿರುವುದರಿಂದ, ಏರಿಯ ಮೇಲೆ ಕಿಲೋಮೀಟರುಗಟ್ಟಲೆ ತುಳಿದರೂ ದಿಣ್ಣೆಯೆಂಬುದೇ ಎದುರಾಗುವುದಿಲ್ಲ. ನೀರಿಗೆ ಎದುರಾಗಿ ಹೋಗುತ್ತಿದ್ದೇವೆಯೇ, ನೀರಿನ ಜೊತೆಗೆ ಹೋಗುತ್ತಿದ್ದೇವೆಯೇ ಎಂಬುದು ಕಾಲಿಗೆ ತಿಳಿಯುವುದಿಲ್ಲ. ಹಾಗೆ ಎತ್ತರ ಹಿಡಿದು ಹೋಗಬೇಕಾದ ಕಾರಣಕ್ಕೇ ನಾಲೆ ನೆಟ್ಟಗೆ ಹೋಗದೆ ಹಾವಿನಂತೆ ಬಳುಕುತ್ತದೆ. ಬೇಗ ಊರು ಸೇರಬೇಕಾದ ಕಾರು, ಬಸ್ಸುಗಳು ಅದರ ಬಹುಭಾಗವನ್ನು ಬಿಟ್ಟು ನೇರ ರಸ್ತೆ ಹಿಡಿಯುತ್ತವೆ. ಎದುರಾಗುವುದು ಗದ್ದೆಗೆ ಹೋಗುವವರ ಬೈಕು, ಹುಲ್ಲಿನ ಹೊರೆ, ಎತ್ತಿನ ಗಾಡಿ. ಕಬ್ಬು ಕಡಿಯುವ ಕಾಲದಲ್ಲಿ ಮಾತ್ರ ಟ್ರ್ಯಾಕ್ಟರುಗಳು ಏರಿಯ ಅಗಲವನ್ನೆಲ್ಲ ಆಕ್ರಮಿಸಿಕೊಂಡು ಬರುತ್ತವೆ. ಆಗ ಇಳಿದು ಪಕ್ಕಕ್ಕೆ ನಿಲ್ಲುವುದೇ ಮೇಲು.

ಈ ಏರಿಯ ಮೇಲಿನಿಂದ ಕಾಣುವುದನ್ನು ನೋಡಲೆಂದೇ ಸಾಕಷ್ಟು ಮಂದಿ ಬರಬೇಕೆಂದು ನನ್ನ ಆಸೆ. ಎಷ್ಟೋ ಕಡೆ ನಾಲೆಯ ಮೇಲ್ಬದಿಯಲ್ಲಿ ಮಳೆಯನ್ನೇ ನಂಬಿದ ರಾಗಿ, ಹುರುಳಿಯ ಹೊಲಗಳಿರುತ್ತವೆ. ಕೆಳಬದಿಯಲ್ಲಿ ತೂಬಿನಿಂದ ಇಳಿದ ನೀರು ತುಂಬಿದ ಭತ್ತದ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಹೊಳೆಯ ಕಡೆಗೆ ಇಳಿಯುತ್ತವೆ. ಕಟ್ಟೆ ಕಟ್ಟುವ ಮುಂಚೆ ಈ ಸೀಮೆ ಹೇಗಿತ್ತು, ಕಟ್ಟಿದ ಮೇಲೆ ಏನಾಯಿತು ಎಂಬುದು ಒಂದೇ ನೋಟದಲ್ಲಿ, ಹ್ಯಾಂಡಲಿನ ಎಡಕ್ಕೂ ಬಲಕ್ಕೂ ಹೀಗೆ ತೆರೆದುಕೊಳ್ಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಲೆಮನೆಗಳು ನಡೆಯುವ ದಿನಗಳಲ್ಲಿ ಕಾಯುತ್ತಿರುವ ಪಾಕದ ವಾಸನೆ ಅರ್ಧ ಕಿಲೋಮೀಟರಿನಿಂದಲೇ ಬರುತ್ತದೆ. ನಿಂತು ಕೇಳಿದವರಿಗೆ ಒಂದು ಲೋಟ ಕಬ್ಬಿನ ಹಾಲು ಕೊಡದ ಆಲೆಮನೆಯವರನ್ನು ನಾನು ನೋಡಿಲ್ಲ.

ಇಷ್ಟು ಹೇಳಿದ ಮೇಲೆ ಅಪಾಯವನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಇದೇ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ತಡೆಗೋಡೆಯಿಲ್ಲದ ಭಾಗಗಳಲ್ಲಿ ಏರಿಯ ಅಂಚಿಗೂ ನೀರಿಗೂ ನಡುವೆ ಏನೂ ಇರುವುದಿಲ್ಲ. ಕಲ್ಲು ಅಥವಾ ಕಾಂಕ್ರೀಟು ಹೊದಿಸಿದ ಓರೆ ದಡ ಪಾಚಿಗಟ್ಟಿರುತ್ತದೆ. ಬಿದ್ದವರು ಈಜು ಬಲ್ಲವರಾದರೂ ಕೈಗೆ ಹಿಡಿತ ಸಿಕ್ಕದೆ ಮೇಲೆ ಹತ್ತಲಾರರು. ‘ನೀರ್ ಬುಟ್ಟವ್ರೆ ಸ್ವಾಮಿ, ಅಂಚ್ಗೋಗ್ಬ್ಯಾಡಿ’ ಎಂದು ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯೊಬ್ಬರು ಹೇಳಿದ ಮಾತನ್ನು ನಾನು ಪ್ರತಿ ಸವಾರಿಯಲ್ಲೂ ಪಾಲಿಸುತ್ತೇನೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವುದುಂಟು; ಮೊದಲ ಸಲ ಹೋಗುವವರು ನೀರು ನಿಂತ ದಿನಗಳನ್ನು ಆರಿಸಿಕೊಳ್ಳಲಿ. ಸೈಕಲ್ ಹೊಸದಾಗಿ ಕಲಿತ ಮಕ್ಕಳನ್ನು ಇಲ್ಲಿಗೆ ಕರೆತರಲೇಬಾರದು.

ವರುಣಾ ನಾಲೆಯ ಬಗ್ಗೆ ಹೇಳುವುದು ಕಡಿಮೆಯಿದೆ. ಕಟ್ಟೆಯ ಬಲದಂಡೆಯಿಂದ ಎತ್ತರದ ನೆಲ ಹಿಡಿದು ಬರುವ ಈ ನಾಲೆ ಬನ್ನೂರು ರಸ್ತೆ, ತಿ. ನರಸೀಪುರ ರಸ್ತೆಗಳನ್ನು ಅಡ್ಡಹಾಯುವುದರಿಂದ, ಮೈಸೂರಿನ ಪೂರ್ವದ ಬಡಾವಣೆಗಳವರು ಮನೆಯಿಂದಲೇ ತುಳಿದು ಇದನ್ನು ಸೇರಬಹುದು. ಅದೇ ಇದರ ದೊಡ್ಡ ಗುಣ. ದಾರಿ ಮಾತ್ರ ಒಂದೇ ಸಮನಾಗಿಲ್ಲ. ಕೆಲವೆಡೆ ಡಾಂಬರು, ಕೆಲವೆಡೆ ಜಲ್ಲಿ, ಕೆಲವೆಡೆ ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಳ್ಳುವ ಮಣ್ಣು. ನೆರಳು ಕಡಿಮೆ. ಚಾಮುಂಡಿ ಬೆಟ್ಟ ಹಿನ್ನೆಲೆಯಲ್ಲಿ ಕಾಣುತ್ತಿರುವುದು ಹಿತವಾದರೂ, ಹಬ್ಬುತ್ತಿರುವ ನಗರದ ಟಿಪ್ಪರುಗಳು ಅಲ್ಲಲ್ಲಿ ನುಗ್ಗುತ್ತವೆ. ದಿನದ ವ್ಯಾಯಾಮಕ್ಕೆ ಇದು ಸಾಕು. ದೂರದಿಂದ ಹುಡುಕಿಕೊಂಡು ಬರುವಂಥದ್ದಲ್ಲ.

ಮೈಸೂರಿನವರು ದ್ವೀಪಕ್ಕೆ ಸೈಕಲ್ಲಿನಲ್ಲೇ ಹೋಗುವುದಾದರೆ ಒಂದು ಲೆಕ್ಕ ನೆನಪಿರಲಿ. ಶ್ರೀರಂಗಪಟ್ಟಣ ಮೈಸೂರಿಗಿಂತ ಸುಮಾರು 80 ಮೀಟರ್ ತಗ್ಗಿನಲ್ಲಿರುವುದರಿಂದ ಬೆಳಗಿನ ಹದಿನಾರು ಕಿಲೋಮೀಟರು ತಾನಾಗಿ ಸಾಗಿದಂತಿದ್ದು, ಹಿಂದಿರುಗುವಾಗ ಬಿಸಿಲೂ ಏರೂ ಒಟ್ಟಿಗೆ ಬರುತ್ತವೆ. ಮೊಣಕಾಲು ನೋವಿರುವ ನಮ್ಮ ಭಾವನವರು ಹಿಂದಿರುಗಲು ವಾಹನದ ವ್ಯವಸ್ಥೆ ಮಾಡಿಕೊಂಡೇ ಬರುತ್ತಾರೆ, ಅದೇ ವಿವೇಕ. ಮಂಡ್ಯದ ನಾಲೆಯಲ್ಲಿ ಈ ಚಿಂತೆಯಿಲ್ಲ, ಆದರೆ ಆಷಾಢದಲ್ಲಿ ಪಶ್ಚಿಮದ ಗಾಳಿ ಜೋರಾಗಿರುತ್ತದೆ. ಮೊದಲು ಗಾಳಿಗೆ ಎದುರಾಗಿ ಕಟ್ಟೆಯ ದಿಕ್ಕಿಗೆ ಹೋಗಿ, ದಣಿದ ಮೇಲೆ ಗಾಳಿಯ ಜೊತೆಗೆ ಹಿಂದಿರುಗುವುದು ಒಳ್ಳೆಯದು. ಸುಗ್ಗಿಯ ದಿನಗಳಲ್ಲಿ ಹಳ್ಳಿಗಳ ಬಳಿ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ಡಾಂಬರಿನ ಮೇಲೆ ಹರಡಿರುತ್ತಾರೆ. ಅದರ ಮೇಲೆ ಸೈಕಲ್ ಹಾಯಿಸಿದರೆ ಹಂಬು ಚೈನಿಗೂ ಗೇರಿಗೂ ಸುತ್ತಿಕೊಳ್ಳುತ್ತದೆ; ಇಳಿದು ತಳ್ಳಿಕೊಂಡು ಹೋಗಬೇಕು. ಜಾಲಿಮುಳ್ಳು ಎರಡು ನಾಲೆಗಳ ಮೇಲೂ ಉಂಟು. ಹೀಗಾಗಿ ತೆಳುವಾದ ರೇಸ್ ಟೈರಿಗಿಂತ 35ರಿಂದ 40 ಮಿಲಿಮೀಟರ್ ಅಗಲದ ಟೈರು, ಒಂದು ಹೆಚ್ಚಿನ ಟ್ಯೂಬು, ಕೈಪಂಪು ಇರಲೇಬೇಕು. ದ್ವೀಪದಲ್ಲಿ ಇವಿಲ್ಲದೆಯೂ ನಡೆಯುತ್ತದೆ.

ನನ್ನ ಆಯ್ಕೆ ವಿ.ಸಿ. ನಾಲೆಯೇ, ಹುಲಿಕೆರೆಯ ಸುರಂಗಕ್ಕೆ ಮುಂಚಿನ ಭಾಗ. ಸುರಂಗದ ಬಳಿ ನೀರು ದಿಣ್ಣೆಯ ಕೆಳಗೆ ಹೋಗಿಬಿಡುವುದರಿಂದ ಏರಿಯೂ ಅಲ್ಲಿಗೆ ಮುಗಿಯುತ್ತದೆ, ಮುಂದಕ್ಕೆ ಊರಿನ ರಸ್ತೆ ಹತ್ತಬೇಕು. ಅಷ್ಟು ದೂರದಲ್ಲಿ ಎರಡು ಸೇತುವೆಗಳ ನಡುವಿನ ಒಂದು ತುಂಡನ್ನಾದರೂ ಆರಿಸಿ, ನೀರಿನ ಬದಿಗೆ ತಡೆಗೋಡೆ ಹಾಕಿ, ಎರಡು ತುದಿಗಳಲ್ಲಿ ರೈತರ ಗಾಡಿ, ಬೈಕು, ಸೈಕಲ್ಲುಗಳು ಮಾತ್ರ ನುಸುಳುವಂತೆ ಕಂಬ ನೆಟ್ಟರೆ, ಮಕ್ಕಳನ್ನು ದ್ವೀಪದ ಒಂದು ಗಂಟೆಯ ದಾರಿಗೆ ಕಟ್ಟಿಹಾಕಬೇಕಾಗಿಲ್ಲ.