ಮರವಂತೆ ದಂಡೆಗೆ ಯಾವ ಕಾಗದ? ಮೂರನ್ನು ಬಳಸಿ ನೋಡಿದ ಮೇಲೆ

ಮರವಂತೆಯಲ್ಲಿ ಕುಳಿತು ಜಲವರ್ಣದಲ್ಲಿ ಚಿತ್ರ ಬರೆಯಲು ನನಗೆ ಒಗ್ಗಿರುವುದು ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ತಯಾರಾಗುವ ಹತ್ತಿ ಚಿಂದಿಯ ಕೈಕಾಗದ. ದುಬಾರಿ ಬ್ಲಾಕ್ (ಅಂಚು ಅಂಟಿಸಿದ ಹಾಳೆಗಳ ಕಟ್ಟು) ಒಂದನ್ನು ಕೊಂಡು ನಷ್ಟಪಟ್ಟ ಮೇಲೆಯೇ ನಾನು ಇದಕ್ಕೆ ಬಂದದ್ದು. ಆ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ಬರೆಯುತ್ತಿದ್ದೇನೆ.

ಜಾಗ ಗೊತ್ತಿಲ್ಲದವರಿಗೆ ಒಂದು ಮಾತು. ಕುಂದಾಪುರದಿಂದ ಬರುವಾಗ ತ್ರಾಸಿ ದಾಟಿದರೆ ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಸೌಪರ್ಣಿಕಾ, ಹೊಳೆಯಾಚೆ ತೆಂಗಿನ ಸಾಲು, ಅದರ ಹಿಂದೆ ಕೊಡಚಾದ್ರಿಯ ಕಡೆಯ ನೀಲಿ ಬೆಟ್ಟಗಳು. ಬೆಳಿಗ್ಗೆ ಹೊಳೆ ಬರೆಯಬಹುದು, ಸಂಜೆ ಬೆನ್ನು ತಿರುಗಿಸಿ ಕುಳಿತರೆ ಕಡಲು. ಕಡಲ್ಕೊರೆತ ತಡೆಯಲು ಹಾಕಿದ ಕಪ್ಪು ಬಂಡೆಗಳ ಮೇಲೆ ಅಲೆ ಒಡೆಯುವುದನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಕ್ಟೋಬರಿನಿಂದ ಫೆಬ್ರವರಿಯವರೆಗೆ ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ.

ಮೊದಲು ಬಳಸಿದ್ದು ಸುರುಳಿ ತಂತಿಯ ಸ್ಕೆಚ್ ಪುಸ್ತಕ, ಮರದ ತಿರುಳಿನ ಕಾಗದದ್ದು. ದೋಣಿ, ಬಲೆ, ಬಲೆ ಹೊಲಿಯುವವರ ಬೆನ್ನು, ಇಂಥವನ್ನು ಪೆನ್ನಿನಲ್ಲಿ ಗೀಚಿಕೊಳ್ಳಲು ಅದಕ್ಕಿಂತ ಸಲೀಸಾದದ್ದಿಲ್ಲ. ಹಾಕಿದ ಬಣ್ಣವನ್ನು ಒದ್ದೆ ಕುಂಚದಿಂದ ಎತ್ತಿ ತೆಗೆಯುವುದೂ ಸುಲಭ. ಆದರೆ ಆ ಸುಲಭವೇ ತೊಂದರೆ: ಎರಡನೆಯ ಪದರ ಹಾಕಲು ಹೋದರೆ ಕೆಳಗಿನದು ಕದಡುತ್ತದೆ. ಆಕಾಶಕ್ಕೆ ನೀರು ಜಾಸ್ತಿಯಾದರೆ ಹಾಳೆ ಹಪ್ಪಳದಂತೆ ಏಳುತ್ತದೆ. ಗೆರೆಗೆ ಸರಿ, ಬಣ್ಣಕ್ಕೆ ಸಾಲದು.

ಇನ್ನು ಬ್ಲಾಕ್. ಪೂರ್ತಿ ಹತ್ತಿಯ, 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ವಿದೇಶದ ಕಾಗದ. ಹಾಳೆಗಳ ಅಂಚನ್ನು ಸುತ್ತಲೂ ಅಂಟಿಸಿರುವುದರಿಂದ ಎಷ್ಟು ನೀರು ಹಾಕಿದರೂ ಹಾಳೆ ಬಿಗಿಯಾಗಿರುತ್ತದೆ, ಗಾಳಿಗೆ ಹಾರುವ ಭಯವಿಲ್ಲ. ಮೇ ತಿಂಗಳಲ್ಲಿ ಬೆಂಗಳೂರಿನ ಅಂಗಡಿಯೊಂದರಲ್ಲಿ ಕೊಂಡೆ. ಮೊದಲ ಮೂರು ಚಿತ್ರಗಳು ಎಷ್ಟು ಚೆನ್ನಾಗಿ ಬಂದವೆಂದರೆ ಇನ್ನು ಬೇರೆ ಕಾಗದ ಮುಟ್ಟುವುದಿಲ್ಲ ಎಂದುಕೊಂಡೆ. ಮಳೆ ಹಿಡಿಯಿತು. ಬ್ಲಾಕನ್ನು ಕುಂದಾಪುರದ ಮನೆಯ ಮರದ ಕಪಾಟಿನಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಇಟ್ಟೆ.

ಅಕ್ಟೋಬರಿನಲ್ಲಿ ತೆಗೆದಾಗ ನೋಡಲು ಹೊಸದರಂತೆಯೇ ಇತ್ತು. ಬಿಳುಪು ಹೋಗಿರಲಿಲ್ಲ, ಬೂಷ್ಟು ಹಿಡಿದಿರಲಿಲ್ಲ. ಮರವಂತೆಗೆ ಹೋಗಿ ಸಂಜೆಯ ಆಕಾಶಕ್ಕೆ ತೆಳು ಹಳದಿ ಎಳೆದೆ. ಎಳೆದಲ್ಲೆಲ್ಲ ಸಾಸಿವೆ ಕಾಳಿನಷ್ಟು ದೊಡ್ಡ ಕಡು ಚುಕ್ಕೆಗಳು ಮೇಲೆದ್ದವು. ಬಣ್ಣ ಅಲ್ಲಲ್ಲಿ ಹೀರಿಕೊಂಡು ಒಳಗೆ ಇಳಿದುಹೋಗಿತ್ತು. ಕುಂಚದಿಂದ ಎತ್ತಲು ನೋಡಿದರೆ ಬರಲಿಲ್ಲ. ಮುಂದಿನ ಹಾಳೆಯೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, “ಈ ಆಕಾಶಕ್ಕೆ ಇಷ್ಟು ಹಕ್ಕಿ ಯಾಕೆ ಮಾರಾಯರೇ?” ಎಂದು ಕೇಳಿದರು. ಅವರಿಗೆ ಏನು ಹೇಳಬೇಕೆಂದು ತೋಚಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಖಾದಿ ಬಟ್ಟೆಗೆ ಗಂಜಿ ಹಾಕುವಂತೆ ಜಲವರ್ಣದ ಕಾಗದಕ್ಕೂ ಒಂದು ಅಂಟು ಹಾಕಿರುತ್ತಾರೆ. ಅದಕ್ಕೆ ಸೈಜಿಂಗ್ ಎನ್ನುತ್ತಾರೆ. ನೀರು ತಕ್ಷಣ ಒಳಗಿಳಿಯದೆ ಮೇಲೆ ನಿಲ್ಲುವುದು, ಬಣ್ಣ ಹೊಳೆಯುವುದು ಇದರಿಂದ. ತೇವದ ಗಾಳಿಯಲ್ಲಿ ತಿಂಗಳುಗಟ್ಟಲೆ ಇದ್ದರೆ ಈ ಅಂಟು ಅಲ್ಲಲ್ಲಿ ಸತ್ತುಹೋಗುತ್ತದೆ. ಸತ್ತ ಜಾಗ ಒತ್ತುಕಾಗದದ ಹಾಗೆ ಬಣ್ಣವನ್ನು ಕುಡಿಯುತ್ತದೆ. ಒದ್ದೆ ಮಾಡುವವರೆಗೆ ಕಣ್ಣಿಗೆ ಕಾಣುವುದಿಲ್ಲ ಎಂಬುದೇ ಇದರ ಕೆಟ್ಟತನ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಕಾಗದದ ಪಾಡೇನು! ಪ್ಲಾಸ್ಟಿಕ್ ಚೀಲ ಕಾಪಾಡೀತು ಎಂದುಕೊಂಡಿದ್ದೆ. ಒಳಗಿದ್ದ ತೇವವನ್ನು ಅದು ಹೊರಬಿಡದೆ ಹಿಡಿದಿಟ್ಟುಕೊಂಡಿತು. ಇಪ್ಪತ್ತರಲ್ಲಿ ಹದಿನೇಳು ಹಾಳೆ ಹಾಗೆ ಕೆಟ್ಟವು.

ಬ್ಲಾಕಿಗೆ ಇನ್ನೊಂದು ತೊಡಕೂ ಇದೆ. ಹಾಳೆ ಒಣಗುವವರೆಗೆ ಬಿಡಿಸುವಂತಿಲ್ಲ. ಸಂಜೆ ಕಡಲ ಗಾಳಿಯ ತೇವದಲ್ಲಿ ಒಂದು ಪದರ ಒಣಗಲು ಬಹಳ ಹೊತ್ತು ಬೇಕು. ಹಾಗಾಗಿ ಸಂಜೆಗೆ ಒಂದೇ ಚಿತ್ರ.

ತಾರಿಹಾಳದ ಹಾಳೆಯನ್ನು ಬಿಡಿಯಾಗಿ ಕೊಳ್ಳುತ್ತೇನೆ. ನನ್ನ ಮಟ್ಟಿಗೆ ಇದೇ ಅದರ ದೊಡ್ಡ ಗುಣ. ಕೈಕಾಗದಕ್ಕೂ ಅಂಟು ಇದೆ, ಅದೂ ಮಳೆಗಾಲದಲ್ಲಿ ಕೆಡಬಹುದು. ಆದರೆ ಮಳೆ ಮುಗಿದ ಮೇಲೆ ಹತ್ತು ಹಾಳೆ ತಂದು, ಹರಿದು ನಾಲ್ಕು ಮಾಡಿಕೊಂಡರೆ ನಲವತ್ತು ಚಿತ್ರ; ಮುಂದಿನ ಮಳೆಯೊಳಗೆ ಮುಗಿಯುತ್ತದೆ. ಮನೆಯಲ್ಲಿ ಕೊಳೆಯಲು ಏನೂ ಉಳಿಯುವುದಿಲ್ಲ. ಒಮ್ಮೆಗೆ ಕೈಯಿಂದ ಹೋಗುವ ದುಡ್ಡೂ ಕಡಿಮೆ. ಒಂದು ಪ್ಲೈವುಡ್ ಹಲಗೆ, ನಾಲ್ಕು ಕ್ಲಿಪ್ ಇದ್ದರೆ ಗಾಳಿಯ ಚಿಂತೆಯಿಲ್ಲ. ಎರಡು ಹಲಗೆ ಒಯ್ದರೆ ಒಂದು ಒಣಗುವಾಗ ಇನ್ನೊಂದರಲ್ಲಿ ಬರೆಯಬಹುದು.

ಮೇಲ್ಮೈಯ ಮಾತು ಹೇಳಲೇಬೇಕು. ಒರಟು ಹಾಳೆಯ ಮೇಲೆ ಅರೆ ಒಣಗಿದ ಕುಂಚವನ್ನು ಮಲಗಿಸಿ ಎಳೆದರೆ ಬಣ್ಣ ದಿಬ್ಬಗಳಿಗೆ ಮಾತ್ರ ಹತ್ತುತ್ತದೆ, ತಗ್ಗುಗಳು ಬಿಳಿಯಾಗಿಯೇ ಉಳಿಯುತ್ತವೆ. ಬಂಡೆಯ ಮೈ ಒಂದೇ ಎಳೆತಕ್ಕೆ ಬರುತ್ತದೆ. ಒಡೆದ ಅಲೆಯ ನೊರೆಗೆ ಬಿಳಿ ಬಣ್ಣ ಮುಟ್ಟಬೇಕಾಗಿಲ್ಲ. ನಯವಾದ ಬ್ಲಾಕಿನಲ್ಲಿ ಇದು ನನಗೆ ಎಂದೂ ಸಾಧ್ಯವಾಗಲಿಲ್ಲ.

ಕೊರತೆ ಇಲ್ಲದಿಲ್ಲ. ಪೆನ್ನಿನ ಮೊನೆ ಎಳೆಗೆ ಸಿಕ್ಕಿಕೊಳ್ಳುತ್ತದೆ. ಅಂಚಿಗೆ ಹಚ್ಚಿದ ಟೇಪ್ ಕಿತ್ತರೆ ಮೇಲಿನ ಪೊರೆಯೂ ಬರುತ್ತದೆ. ಅಂಚು ನೇರವಿಲ್ಲದ ಕಾರಣ ಚೌಕಟ್ಟು ಹಾಕುವವರು ಗೊಣಗುತ್ತಾರೆ.

ಬ್ಲಾಕೇ ಬೇಕೆನ್ನುವವರು ಗಾಳಿಯಾಡದ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಹೊರಡುವ ಮೊದಲು ಹಾಳೆಯ ಮೂಲೆಗೆ ಒಂದು ಎಳೆ ಬಣ್ಣ ಹಚ್ಚಿ ನೋಡಿ. ಘಟ್ಟದ ಮೇಲೆ ಒಣ ಹವೆಯಲ್ಲಿ ಇರುವವರಿಗೆ, ದುಡ್ಡಿಗೆ ತೊಂದರೆ ಇಲ್ಲದಿದ್ದರೆ, ಅದೇ ಒಳ್ಳೆಯದಾದೀತು. ನಾನಂತೂ ಗೀಚಲು ತಂತಿ ಪುಸ್ತಕ, ಬಣ್ಣಕ್ಕೆ ಕೈಕಾಗದ ಎಂದು ಗೊತ್ತುಮಾಡಿಕೊಂಡಿದ್ದೇನೆ. ಬ್ಲಾಕಿನಲ್ಲಿ ಉಳಿದ ಹಾಳೆಗಳು ಇದ್ದಿಲ ಚಿತ್ರಕ್ಕೆ ಆಗುತ್ತಿವೆ. ಮೊನ್ನೆ ಅದರಲ್ಲಿ ಆ ಬಲೆಯ ಹಿರಿಯರ ಮುಖ ಬರೆದುಕೊಟ್ಟೆ.